ಗದ್ದ ಮೇಲೆತ್ತಿದ ಪಟ

ಹೋದ ತಿಂಗಳು ಅರಕಲಗೂಡಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುವಾಗ ಸಿದ್ದೇಗೌಡ ನನ್ನ ತೊಡೆಯ ಮೇಲೆ ಕೂತಿದ್ದ. ಬದುಕಿದ್ದಾಗ ಆರಡಿ ಎತ್ತರದ ಆಳು. ಈಗ ಎರಡಡಿ ಪಟವಾಗಿ, ಹಳೆಯ ಹೊದಿಕೆಯೊಂದರಲ್ಲಿ ಸುತ್ತಿಸಿಕೊಂಡು ಕೂತಿದ್ದ. ಒಡೆದ ಗಾಜಿನ ಚೂರು ಬಟ್ಟೆ ತೂರಿ ನನ್ನ ಮೊಣಕಾಲಿಗೆ ಚುಚ್ಚುತ್ತಿತ್ತು. ಕಂಡಕ್ಟರು ಬಗ್ಗಿ ನೋಡಿ, ದೇವರ ಪಟವೇ ಎಂದು ಕೇಳಿದ. ಅಲ್ಲಪ್ಪ, ಸ್ನೇಹಿತರದು, ತೀರಿಕೊಂಡು ವರ್ಷವಾಯಿತು ಎಂದೆ. ಅವನು ಪಟದ ಕಡೆ ನೋಡಿ ಲೊಚಗುಟ್ಟಿ ಮುಂದಕ್ಕೆ ಹೋದ. ಚುಚ್ಚುತ್ತಿರುವುದು ನನ್ನ ಮೊಣಕಾಲಿಗೆ, ಲೊಚಗುಟ್ಟಿದ್ದು ಮಾತ್ರ ಸಿದ್ದೇಗೌಡನಿಗೆ. ಸತ್ತ ಮೇಲೂ ಹೀಗೇ ಆಯಿತಲ್ಲ ಎಂದು ನನಗೆ ಸಣ್ಣಗೆ ಹೊಟ್ಟೆ ಉರಿಯಿತು.

ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿಯೊಂದಿದೆ. ಅಂಗಡಿಯವನು ಹೊದಿಕೆ ಬಿಚ್ಚಿ, ಗಾಜಿನ ಚೂರುಗಳನ್ನು ಒಂದೊಂದಾಗಿ ತೆಗೆದು, ಪಟವನ್ನು ಗೋಡೆಗೆ ಒರಗಿಸಿ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದ.

“ಯಾವ್ ಪಾರ್ಟಿ ಲೀಡ್ರು ಸಾ ಇವ್ರು? ಏನ್ ಗತ್ತು ಅಂತೀನಿ.”

ಲೀಡರಲ್ಲ, ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದವರು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬರೆದವನು ನಾನೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾಕೆ ನುಂಗಿಕೊಂಡೆ ಎನ್ನುವುದನ್ನು ಆವತ್ತಿನ ತನಕ ಯಾರಿಗೂ ಹೇಳಿರಲಿಲ್ಲ, ನನ್ನ ಹೆಂಡತಿ ಜಯಳಿಗಂತೂ ಇಲ್ಲವೇ ಇಲ್ಲ. ಅಂಗಡಿಯವನು ಗಾಜು ಅಳೆದು ಕುಯ್ಯುವಷ್ಟರಲ್ಲಿ ನಿಮಗೆ ಹೇಳಿ ಮುಗಿಸುತ್ತೇನೆ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ಹೊಳೆನರಸೀಪುರದ ಒಂದು ಹೈಸ್ಕೂಲಿಗೆ ನಾನೂ ಸಿದ್ದೇಗೌಡನೂ ಒಂದೇ ವರ್ಷ ಸೇರಿದೆವು. ಅವನು ಚರಿತ್ರೆಗೆ, ನಾನು ಡ್ರಾಯಿಂಗಿಗೆ. ಎದುರಿಗೆ ನಾನು ‘ಗೌಡ್ರೇ’ ಎನ್ನುತ್ತಿದ್ದೆ, ಅವನು ‘ಮೇಷ್ಟ್ರೇ’ ಎನ್ನುತ್ತಿದ್ದ. ಮನಸ್ಸಿನೊಳಗೆ ಮಾತ್ರ ಅವನು ನನಗೆ ಯಾವತ್ತೂ ಏಕವಚನವೇ. ಹೊಟ್ಟೆಕಿಚ್ಚಿಗೆ ಬಹುವಚನ ಹೊಂದುವುದಿಲ್ಲ ನೋಡಿ. ಡ್ರಾಯಿಂಗ್ ಮೇಷ್ಟ್ರೆಂದರೆ ಶಾಲೆಯಲ್ಲಿ ಏನು ಸ್ಥಾನ ಎಂದು ನಿಮಗೆ ಗೊತ್ತಿರಬಹುದು. ಲೆಕ್ಕದ ಮೇಷ್ಟ್ರಿಗೆ ಜ್ವರ ಬಂದರೆ ನನ್ನ ಪೀರಿಯಡ್ಡು ಇಂಗ್ಲಿಷಿನವರಿಗೆ ಹೋಗುತ್ತಿತ್ತು, ಇಂಗ್ಲಿಷಿನವರಿಗೆ ಜ್ವರ ಬಂದರೆ ಲೆಕ್ಕದವರಿಗೆ. ನನಗೆ ಜ್ವರ ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೊಂದು ಹೆಸರಿದೆ ಎನ್ನುವುದೇ ಊರಿಗೆ ಮರೆತುಹೋಗಿ, ಮನೆಗೆ ಬರುವ ಲಗ್ನಪತ್ರಿಕೆಯ ಮೇಲೂ ‘ಡ್ರಾಯಿಂಗ್ ಮೇಷ್ಟ್ರಿಗೆ’ ಎಂದೇ ಬರೆದಿರುತ್ತಿದ್ದರು.

ಶಾಲೆಯ ಹೊರಗೆ ಬ್ಲಾಕ್ ಆಫೀಸಿನವರು ಆಗೀಗ ನನ್ನ ಕೈಲಿ ಪೋಸ್ಟರು ಬರೆಸುತ್ತಿದ್ದರು. ಗೊಬ್ಬರದ ಗುಂಡಿ ಹೀಗಿರಲಿ, ಮಗುವಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿ, ಇಂಥವು. ಗೊಬ್ಬರದ ಗುಂಡಿಯ ಪೋಸ್ಟರಿಗೆ ನಾನು ಹನ್ನೊಂದು ದಿನ ಹಾಕಿದ್ದೆ. ಗುಂಡಿಯ ಪಕ್ಕದಲ್ಲಿ ನಿಂತ ಎಮ್ಮೆಯ ಕಣ್ಣಿನಲ್ಲಿ ಆಕಾಶದ ಬೆಳಕು ಕಾಣುವಂತೆ ಬರೆದಿದ್ದೆ. ಮೂರು ತಿಂಗಳಾದ ಮೇಲೆ ಅದನ್ನು ಹಾಕಿದ್ದ ಹಳ್ಳಿಗೆ ಹೋದರೆ, ಚಾವಡಿಯ ಗೋಡೆಯಿಂದ ಅದನ್ನು ಇಳಿಸಿ ಮಗ್ಗುಲು ಮನೆಯವರು ಹಪ್ಪಳ ಒಣಗಿಸಿದ್ದರು. ಬರೆದಿದ್ದು ಎಮ್ಮೆಯೋ ಹಸುವೋ ಎಂದು ಕೂಡ ಯಾರೂ ಕೇಳಿರಲಿಲ್ಲ.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಚನ್ನರಾಯಪಟ್ಟಣದಲ್ಲಿ ಪ್ರೈಮರಿ ಓದುವಾಗ ನನ್ನ ಸ್ಲೇಟಿಗೆ ಕಟ್ಟಿರಲಿಲ್ಲ. ನಮ್ಮಣ್ಣ ಬಳಸಿ, ನಮ್ಮಕ್ಕ ಬಳಸಿ, ಕೊನೆಗೆ ನನಗೆ ಬಂದ ಬೋಳು ಸ್ಲೇಟು. ಪಕ್ಕದಲ್ಲಿ ಕೂರುತ್ತಿದ್ದ ಹುಡುಗನ ಸ್ಲೇಟಿಗೆ ನಾಲ್ಕೂ ಮೂಲೆಗೆ ತಗಡು ಬಡಿದ ಮರದ ಕಟ್ಟು, ಅದರ ಒಂದು ಪಕ್ಕಕ್ಕೆ ತಂತಿಯಲ್ಲಿ ಪೋಣಿಸಿದ ಬಣ್ಣದ ಮಣಿಗಳು. ಅವನು ಕೂಡುವ ಲೆಕ್ಕಕ್ಕೆ ಮಣಿ ಸರಿಸುವಾಗ ಟಕ್ ಟಕ್ ಎನ್ನುತ್ತಿತ್ತು. ಆ ಸದ್ದು ಈಗಲೂ ನನಗೆ ಕೇಳಿಸುತ್ತದೆ. ನಾನು ಗೊಬ್ಬಳಿ ಮುಳ್ಳು ತಂದು, ಅವನು ನೀರು ಕುಡಿಯಲು ಹೋದಾಗಲೆಲ್ಲ, ಒಂದು ಮೂಲೆಯ ತಗಡನ್ನು ಎಳ್ಳಿನಷ್ಟು ಸಡಿಲ ಮಾಡುತ್ತಿದ್ದೆ. ಒಂದೇ ದಿನಕ್ಕೆ ಕೀಳುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಹದಿನೈದು ದಿನಕ್ಕೆ ಕಟ್ಟು ಕಳಚಿತು, ಮಣಿಗಳು ಚೆಲ್ಲಿದವು. ಅವನು ಅಳುತ್ತ ಅದನ್ನು ತಂದದ್ದು ಯಾರ ಹತ್ತಿರ ಅಂತೀರಿ? ಕೈಕೆಲಸದಲ್ಲಿ ಜಾಣ ಎಂದು ಹೆಸರಾಗಿದ್ದ ನನ್ನ ಹತ್ತಿರವೇ. ನಾನು ಸರಿಮಾಡಿಕೊಟ್ಟೆ. ಅವನ ತಾಯಿ ನನಗೆ ಎರಡು ಚಕ್ಕುಲಿ ಕೊಟ್ಟರು.

ಸಿದ್ದೇಗೌಡನಿಗೆ ಬರೋಣ. ಅವನ ಸೋದರಮಾವ ದೊಡ್ಡ ಯುದ್ಧದಲ್ಲಿ ಸಿಪಾಯಿಯಾಗಿ ಇಟಲಿಯವರೆಗೆ ಹೋಗಿದ್ದವರು. ಅಲ್ಲಿನ ಸರ್ವಾಧಿಕಾರಿ ಬಿದ್ದುಹೋದ ಮೇಲೆ ಊರ ಗೋಡೆಗಳಿಂದ ಐದು ಪೋಸ್ಟರುಗಳನ್ನು ಸುಲಿದು ತಂದಿದ್ದರಂತೆ. ಯಾಕೆ ತಂದರು ಎನ್ನುವುದು ಅವರಿಗೂ ಗೊತ್ತಿರಲಿಲ್ಲ. ಬಣ್ಣ ಚೆನ್ನಾಗಿತ್ತು ಎಂದರಂತೆ. ಅವರ ಹೆಂಡತಿ ಅದರಲ್ಲಿ ಒಂದನ್ನು ಟ್ರಂಕಿನ ತಳಕ್ಕೆ ಹಾಸಲು ಹೊರಟಾಗ ಸಿದ್ದೇಗೌಡ ಬಿಡಿಸಿಕೊಂಡು, ಎಲ್ಲವನ್ನೂ ಬಿದಿರಿನ ಕೊಳವೆಯಲ್ಲಿ ಸುರುಳಿ ಸುತ್ತಿ ಹೊಳೆನರಸೀಪುರಕ್ಕೆ ತಂದ.

ಒಂದು ಭಾನುವಾರ ನಮ್ಮ ಮನೆಯ ನಡುಮನೆಯಲ್ಲಿ ಅವನ್ನು ಹಾಸಿ ನಾಲ್ಕು ಮೂಲೆಗೂ ಲೋಟ ಇಟ್ಟು ನೋಡಿದೆವು. ಒಂದರಲ್ಲಿ ಶಿರಸ್ತ್ರಾಣ ಹಾಕಿದ ಆ ನಾಯಕನ ಮುಖ, ಬರೀ ಮುಖ. ಇನ್ನೊಂದರಲ್ಲಿ ಅವನೇ ಗೋಧಿ ಕೊಯ್ಯುತ್ತಿದ್ದ. ಮೂರನೆಯದರಲ್ಲಿ ಮಗು ಎತ್ತಿಕೊಂಡ ತಾಯಿ, ಹಿಂದೆ ವಿಮಾನಗಳು. ನಾಲ್ಕನೆಯದರಲ್ಲಿ ಒಂದು ಪುಟ್ಟ ಮನೆಯ ಮೇಲೆ ಚಾಚಿದ ಕರೀ ಕೈ. ಐದನೆಯದರಲ್ಲಿ ತೋಳು ಮುಂದಕ್ಕೆ ಚಾಚಿ ನಿಂತ ಶಾಲೆಯ ಮಕ್ಕಳು. ಕೆಳಗೆ ದಪ್ಪಕ್ಷರದಲ್ಲಿ ಏನೇನೋ ಬರೆದಿತ್ತು, ಒಂದಕ್ಷರವೂ ನಮಗೆ ತಿಳಿಯಲಿಲ್ಲ.

“ಅಲ್ಲ ಮೇಷ್ಟ್ರೇ, ಈ ಮನುಷ್ಯ ಕುಳ್ಳ ಅಂತ ನಮ್ಮ ಮಾವ ಹೇಳ್ತಿದ್ರು. ಇದ್ರಲ್ಲಿ ಬೆಟ್ಟದಂಗೆ ಅವ್ನಲ್ಲ, ಹೆಂಗೆ?”

ನಾನು ಹುರುಪಿನಿಂದ ವಿವರಿಸಿದೆ. ನೋಡಿ, ನೆಲ ಆಕಾಶ ಸೇರುವ ಗೆರೆಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದ್ದಾನೆ. ಆಗ ನೋಡುವವನು ನೆಲದ ಮೇಲೆ ಕೂತು ನೋಡಿದ ಹಾಗಾಗುತ್ತದೆ, ಮಗು ಅಪ್ಪನನ್ನು ನೋಡುವ ಹಾಗೆ. ಬೆಳಕು ಒಂದೇ ಪಕ್ಕದಿಂದ ಬಿದ್ದಿದೆ, ಅದಕ್ಕೇ ದವಡೆ ಕಲ್ಲಿನಲ್ಲಿ ಕಡೆದಂತಿದೆ. ಗದ್ದ ಮೇಲಕ್ಕಿದೆ, ಕಣ್ಣು ನಮ್ಮ ತಲೆಯ ಮೇಲಿಂದ ದೂರಕ್ಕೆ ಹೋಗಿದೆ. ನಮಗೆ ಕಾಣದ್ದೇನೋ ಅವನಿಗೆ ಕಾಣುತ್ತಿದೆ ಎಂದು ನಾವು ಅಂದುಕೊಳ್ಳಲಿ ಎನ್ನುವುದೇ ಉಪಾಯ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಸಿದ್ದೇಗೌಡ ಬಾಯಿ ತೆರೆದು ಕೇಳಿದ. ಅಷ್ಟು ಶ್ರದ್ಧೆಯಿಂದ ನನ್ನ ಮಾತನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಜಯ ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು, ಅವಳಿಗೆ ಕೇಳಿಸಿರಲಿಕ್ಕಿಲ್ಲ.

ತಿಂಗಳೊಪ್ಪತ್ತಿಗೆ ಅವನು ಶಾಲೆಯಲ್ಲಿ ಒಂದು ಉಪನ್ಯಾಸ ಮಾಡಿದ. ‘ಸರ್ವಾಧಿಕಾರಿ ಜನರನ್ನು ಹೇಗೆ ಒಲಿಸಿಕೊಂಡ’ ಎಂದು ವಿಷಯ. ಪೋಸ್ಟರುಗಳನ್ನು ಉದ್ದನೆಯ ಕೋಲಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟು ಒಂದೊಂದಾಗಿ ತೋರಿಸಬೇಕು. ಆ ಕೋಲು ಹಿಡಿಯಲು ಚಿತ್ರದ ಬೆಲೆ ಗೊತ್ತಿರುವವರೇ ಬೇಕು ಎಂದು ನನ್ನನ್ನು ಕರೆದ. ಹೆಮ್ಮೆಯಿಂದ ಒಪ್ಪಿಕೊಂಡೆ. ವೇದಿಕೆಗೆ ಹೋದ ಮೇಲೆ ಗೊತ್ತಾಯಿತು, ಕೋಲು ಎತ್ತಿ ಹಿಡಿದವನು ಪೋಸ್ಟರಿನ ಹಿಂದೆ ಮರೆಯಾಗಿಬಿಡುತ್ತಾನೆ. ಸಭೆಗೆ ನನ್ನ ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುತ್ತಿತ್ತು.

ಅವನ ಮಾತಿನ ಸೊಗಸನ್ನು ಇಲ್ಲ ಎನ್ನುವಷ್ಟು ಸುಳ್ಳುಗಾರ ನಾನಲ್ಲ. ಅವನು ಭಾಷಣ ಮಾಡುತ್ತಿರಲಿಲ್ಲ, ಕೇಳುತ್ತಿದ್ದ. ಇವನು ಎತ್ತ ನೋಡುತ್ತಿದ್ದಾನೆ ಹೇಳಿ, ನಿಮ್ಮ ಕಡೆ ನೋಡುತ್ತಿದ್ದಾನೆಯೇ ಎನ್ನುತ್ತಿದ್ದ. ಗೋಧಿ ಕೊಯ್ಯುವವನ ಮೈಯಲ್ಲಿ ಬೆವರೆಲ್ಲಿ ಎನ್ನುತ್ತಿದ್ದ. ಕರೀ ಕೈ ತೋರಿಸಿ, ಇದಕ್ಕೆ ಮುಖ ಯಾಕೆ ಬರೆದಿಲ್ಲ ಎಂದು ಕೇಳಿ, ತಾನೇ ಹೇಳುತ್ತಿದ್ದ: ನಿಮಗೆ ಯಾರ ಮೇಲೆ ಸಿಟ್ಟಿದೆಯೋ ಅವರ ಮುಖ ನೀವೇ ಹಾಕಿಕೊಳ್ಳಲಿ ಅಂತ. ಆಗ ಸಭೆಯಲ್ಲಿ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದರು. ಕೊನೆಯಲ್ಲಿ ಯಾವಾಗಲೂ ಮೂರು ಪ್ರಶ್ನೆ. ಯಾವ ಪಟ ಕಂಡರೂ ಈ ಮೂರು ಕೇಳಿಕೊಳ್ಳಿ ಎನ್ನುತ್ತಿದ್ದ: ಬರೆದವನು ಯಾರು, ಯಾಕೆ ಬರೆದ, ನೋಡಿದವನು ಏನು ಮಾಡಿದ. ಈ ಪಟಗಳನ್ನು ಬರೆದವನು ಯಾರೋ ಹೊಟ್ಟೆಪಾಡಿನ ಕಲಾವಿದ, ಹೆಸರಿಲ್ಲ. ಬರೆದದ್ದು ಭಯಕ್ಕೆ. ನೋಡಿದವನು ನಂಬಿದ. ಹೀಗೆ ಹೇಳಿ ಕೈಮುಗಿದು ಕೂರುತ್ತಿದ್ದ. ಸಭೆ ಚಪ್ಪಾಳೆ ಹೊಡೆಯುತ್ತಿತ್ತು.

ಮೊಣಕಾಲಿನ ಮಟ್ಟದ ಗೆರೆಯ ವಿಷಯವನ್ನೂ ಹೇಳಿದ, ದವಡೆಯ ಬೆಳಕಿನ ವಿಷಯವನ್ನೂ ಹೇಳಿದ. ‘ನಮ್ಮ ಸ್ನೇಹಿತರೊಬ್ಬರು ತೋರಿಸಿಕೊಟ್ಟರು’ ಎಂದ. ಸ್ನೇಹಿತರೊಬ್ಬರು! ಆ ಸ್ನೇಹಿತರೊಬ್ಬರು ಕೋಲು ಹಿಡಿದು ಪೋಸ್ಟರಿನ ಹಿಂದೆಯೇ ನಿಂತಿದ್ದರು. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕು?

ಮನೆಗೆ ಬಂದರೆ, ಉಪನ್ಯಾಸ ಕೇಳಿ ನನಗಿಂತ ಮುಂಚೆ ಬಂದಿದ್ದ ಜಯ ಅಡಿಗೆಮನೆಯಿಂದಲೇ ಶುರುಮಾಡಿದಳು.

“ರೀ, ಗೌಡ್ರು ಎಷ್ಟು ಚೆನ್ನಾಗಿ ಹೇಳಿದ್ರು. ಆ ಗೆರೆ ಮೊಣಕಾಲಿಗಿಳಿದ್ರೆ ಮನುಷ್ಯ ದೊಡ್ಡೋನಾಗಿ ಕಾಣ್ತಾನಂತೆ. ನಿಮಗೆ ಗೊತ್ತಿತ್ತಾ?”

ಗೊತ್ತಿತ್ತು ಎಂದೆ. ಅವಳು ಅಯ್ಯೋ ಪಾಪ ಎಂಬಂತೆ ನಕ್ಕು, ಊಟಕ್ಕೆ ಏಳಿ ಎಂದಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನನ್ನ ಒಂದು ಚಿತ್ರವನ್ನಾದರೂ ಅವಳು ಹಾಲು ಉಕ್ಕುತ್ತದೇನೋ ಎಂದು ನೋಡುವುದಕ್ಕಿಂತ ಹೆಚ್ಚು ಹೊತ್ತು ನೋಡಿದ್ದಿಲ್ಲ. ಅವಳ ಬಾಯಿಂದ ಒಂದು ‘ಚೆನ್ನಾಗಿದೆ’ ಕೇಳಬೇಕೆಂದು ನಾನು ಒದ್ದಾಡುತ್ತಿದ್ದರೆ, ನನ್ನ ಮಾತಿಗೇ ಬಂದ ‘ಚೆನ್ನಾಗಿದೆ’ ಸಿದ್ದೇಗೌಡನ ಜೇಬಿಗೆ ಹೋಗಿತ್ತು. ಆವತ್ತು ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಅದನ್ನೂ ಅವಳು ಗಮನಿಸಲಿಲ್ಲ.

ಉಪನ್ಯಾಸಕ್ಕೆ ಹೆಸರು ಬಂತು. ಭಾನುವಾರ ಬಂದರೆ ಒಂದೊಂದು ಊರಿಂದ ಕರೆ. ಚನ್ನರಾಯಪಟ್ಟಣಕ್ಕೆ ಹೋದೆವು, ನಾನು ಸ್ಲೇಟಿನ ಕಟ್ಟು ಕಿತ್ತ ಊರಿನಲ್ಲೇ, ನನ್ನನ್ನು ಬಲ್ಲವರ ಮುಂದೆಯೇ, ಪೋಸ್ಟರಿನ ಹಿಂದೆ ಮರೆಯಾಗಿ ನಿಂತೆ. ನಮ್ಮ ದೊಡ್ಡಮ್ಮ ಸಭೆ ಮುಗಿದ ಮೇಲೆ, ನೀನು ಬರಲಿಲ್ಲವಲ್ಲೋ ಎಂದು ಕೇಳಿದರು. ಹಾಸನದಲ್ಲಿ ಮೇಷ್ಟ್ರುಗಳ ಸಭೆಯಲ್ಲಿ ಅವನಿಗೆ ಶಾಲು ಹೊದಿಸಿದರು, ನನಗೆ ಬಿದಿರಿನ ಕೊಳವೆ ಹುಷಾರು ಎಂದರು. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ರೈತರ ಮುಂದೆ ಮಾತಾಡಿದಾಗ, ಒಬ್ಬ ಮುದುಕ ಎದ್ದು ಗೋಧಿಯ ಪಟದ ಹತ್ತಿರವೇ ಬಂದು, “ಸಾ, ಇಷ್ಟ್ ದೊಡ್ಡ ಹೊಲದಾಗೆ ಒಂದ್ ಕಳೆ ಇಲ್ವಲ್ಲ, ಇವ್ನು ಬೇಸಾಯ ಮಾಡ್ದೋನಲ್ಲ ಬುಡಿ” ಎಂದ. ಸಿದ್ದೇಗೌಡ ಆ ಮಾತನ್ನು ಮುಂದಿನ ಎಲ್ಲ ಉಪನ್ಯಾಸಗಳಲ್ಲೂ, ರಾಮನಾಥಪುರದ ಹಿರಿಯರು ಹೇಳಿದ್ದು ಎಂದು ಊರು ಸಮೇತ ಹೇಳಿದ. ಕಳೆ ಕಂಡುಹಿಡಿದ ಮುದುಕನಿಗೆ ಊರಾದರೂ ಸಿಕ್ಕಿತು. ನಾನು ಕೊನೆಯವರೆಗೂ ‘ಸ್ನೇಹಿತರೊಬ್ಬರು’.

ಅರಕಲಗೂಡಿನ ಕರೆ ಬಂದಾಗ ನನಗೊಂದು ಯೋಚನೆ ಹೊಳೆಯಿತು. ಅದು ಅವನ ಸ್ವಂತ ತಾಲ್ಲೂಕು, ಅವನ ಊರು ಅಲ್ಲಿಗೆ ಹತ್ತಿರ. ಸಭೆಯ ಬಾಗಿಲಿಗೆ ಹಾಕಲು ಒಂದು ಪೋಸ್ಟರು ಬೇಕು, ಮೇಷ್ಟ್ರೇ ನೀವೇ ಬರೆದುಕೊಡಿ ಎಂದ. ಬರೆದೆ. ಇಟಲಿಯವನ ಒಂದು ಉಪಾಯವನ್ನೂ ಬಿಡದೆ ಬರೆದೆ. ಗೆರೆಯನ್ನು ಮೊಣಕಾಲಿಗೆ ಇಳಿಸಿದೆ. ಎಡದಿಂದ ಬೆಳಕು ಬಿಟ್ಟು ದವಡೆ ಕಡೆದೆ. ಹಿಂದೆ ಆಳೆತ್ತರದ ರಾಗಿ ತೆನೆ, ಒಂದು ಕಳೆಯೂ ಇಲ್ಲ. ಕಾಲ ಬುಡದಲ್ಲಿ ಮುಖ ಎತ್ತಿ ನೋಡುವ ಮಕ್ಕಳು. ಮೇಲೆ ಸಿದ್ದೇಗೌಡ, ಬೆವರಿಲ್ಲದ ಸಿದ್ದೇಗೌಡ, ಗದ್ದ ಎತ್ತಿ, ನಮ್ಮೆಲ್ಲರ ತಲೆಯ ಮೇಲಿಂದ ದೂರಕ್ಕೆ ನೋಡುತ್ತ. ಜನ ಬಾಗಿಲಲ್ಲಿ ಇದನ್ನು ನೋಡಿ ಒಳಗೆ ಬಂದು, ಅವನದೇ ಬಾಯಿಂದ ಗುಟ್ಟೆಲ್ಲ ಕೇಳಿ, ಹೊರಗೆ ಹೋಗುವಾಗ ಮತ್ತೆ ಇದನ್ನು ನೋಡಿ ಬಿದ್ದು ಬಿದ್ದು ನಗಬೇಕು. ಇದು ನನ್ನ ಲೆಕ್ಕಾಚಾರ. ಅಂಥ ಒಳ್ಳೆಯ ಚಿತ್ರವನ್ನು ನನ್ನ ಜೀವಮಾನದಲ್ಲಿ ನಾನು ಬರೆದಿರಲಿಲ್ಲ. ಎಮ್ಮೆಯ ಕಣ್ಣಿಗೆ ಹನ್ನೊಂದು ದಿನ ಹಿಡಿದಿತ್ತು, ಹೊಟ್ಟೆಕಿಚ್ಚಿಗೆ ಎರಡೇ ದಿನ ಸಾಕಾಯಿತು.

ಆ ದಿನವೂ ಕೋಲು ಹಿಡಿದು ನಿಂತೆ. ಉಪನ್ಯಾಸ ಮುಗಿಯಿತು, ಮೂರು ಪ್ರಶ್ನೆಯೂ ಆಯಿತು, ಚಪ್ಪಾಳೆಯೂ ಆಯಿತು. ಜನ ಎದ್ದು ಬಾಗಿಲಿಗೆ ಹೋದರು. ನಾನು ಪೋಸ್ಟರಿನ ಹಿಂದಿನಿಂದ ಕತ್ತು ಚಾಚಿ ನೋಡಿದೆ. ಯಾರೂ ನಗಲಿಲ್ಲ. ನಿಂತು ನೋಡಿದರು. ಮಕ್ಕಳನ್ನು ಎತ್ತಿಕೊಂಡು ತೋರಿಸಿದರು. ಬಿಳೀ ಪೇಟದ ಹಿರಿಯರೊಬ್ಬರು ಸಿದ್ದೇಗೌಡನ ಕೈ ಹಿಡಿದುಕೊಂಡು, ಇಂಥ ಮನುಷ್ಯ ತಾಲ್ಲೂಕು ಬೋರ್ಡಿನಲ್ಲಿರಬೇಕು ಕಣಪ್ಪ ಎಂದರು. ಒಂದು ಗಂಟೆ ಕಾಲ ಇಂಥ ಪಟ ನಂಬಬೇಡಿ ಎಂದು ಹೇಳಿಸಿಕೊಂಡ ಜನ, ಐದು ನಿಮಿಷದಲ್ಲಿ ಅಂಥದೇ ಪಟ ನಂಬಿದರು. ಸಿದ್ದೇಗೌಡನ ಹೆಂಡತಿ ರತ್ನಮ್ಮ ಅದನ್ನು ಜೋಪಾನವಾಗಿ ಬಿಚ್ಚಿಸಿಕೊಂಡು ಹೋಗಿ ಕಟ್ಟು ಹಾಕಿಸಿ, ಊರ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದರು. ದೇವರಿಗೆಲ್ಲ ಹೂವು, ಇವನಿಗೆ ಇಲ್ಲ. ಬದುಕಿರುವವರ ಪಟಕ್ಕೆ ಹೂವು ಹಾಕಬಾರದಲ್ಲ. ಹೂವಿಗೆಂದು ಮೇಲೆ ಹೊಡೆದ ಮೊಳೆ ಮಾತ್ರ ಖಾಲಿ ಇತ್ತು.

ಅವನು ನಿಜವಾಗಿಯೂ ಚುನಾವಣೆಗೆ ನಿಂತ. ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ. ನನ್ನ ಹತ್ತಿರ ಬಂದು, ಅದೇ ಥರದ ಪೋಸ್ಟರು ಇನ್ನು ಹನ್ನೆರಡು ಬೇಕು ಎಂದ. ಅಷ್ಟು ಹೊತ್ತಿಗೆ ಅವನು ನಿಲ್ಲುವ ರೀತಿಯೇ ಬದಲಾಗಿತ್ತು. ಮಾತಾಡುವಾಗ ಗದ್ದ ತಾನೇ ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಬೇಡ ಗೌಡ್ರೇ, ಅದನ್ನು ಬರೆದಿದ್ದು ಬೇರೆ ಉದ್ದೇಶಕ್ಕೆ ಎಂದು ಆಗಲೇ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಪಕ್ಕದಲ್ಲಿ ಜಯ ಅವನಿಗೆ ಬೆಳ್ಳಿ ಲೋಟದಲ್ಲಿ ಕಾಫಿ ಹಿಡಿದು ನಿಂತಿದ್ದಳು. ಆ ಲೋಟ ನಮ್ಮ ಮದುವೆಯಲ್ಲಿ ಕೊಟ್ಟದ್ದು. ಅದರಲ್ಲಿ ನಾನು ಒಂದು ದಿನವೂ ಕಾಫಿ ಕುಡಿದಿರಲಿಲ್ಲ. ಆಗಲಿ, ಬರೆದುಕೊಡುತ್ತೇನೆ ಎಂದೆ.

ಹನ್ನೆರಡು ಬರೆದೆ. ಒಂದೊಂದರಲ್ಲೂ ಗದ್ದವನ್ನು ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆತ್ತಿದೆ. ಆ ಹಳೆಯ ಗೊಬ್ಬಳಿ ಮುಳ್ಳೇ ಕೈಲಿತ್ತೇನೋ. ಹನ್ನೆರಡನೆಯದರಲ್ಲಿ ಅವನು ಆಕಾಶದಲ್ಲಿ ಹೋಗುವ ಹದ್ದನ್ನು ನೋಡುವಂತಿದ್ದ.

ಅವನ ಎದುರಾಳಿ ಪೋಸ್ಟರೇ ಹಾಕಿಸಲಿಲ್ಲ. ಮನೆಮನೆಗೂ ನಡೆದುಹೋಗಿ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡ, ಅಷ್ಟೇ. ಅವನೇ ಗೆದ್ದ. ಫಲಿತಾಂಶ ಬಂದ ವಾರ ರಾಮನಾಥಪುರದ ಹೋಟೆಲಿನಲ್ಲಿ ನಾನು ಬಸ್ಸಿಗೆ ಕಾಯುತ್ತ ಕೂತಿದ್ದಾಗ, ಗೋಧಿಯ ಹೊಲದಲ್ಲಿ ಕಳೆ ಹುಡುಕಿದ ಅದೇ ಮುದುಕ ಪಕ್ಕದವನಿಗೆ ಹೇಳುತ್ತಿದ್ದ.

“ಗೌಡ್ರು ಒಳ್ಳೇವ್ರೇ ಕಣ್ಲಾ. ಆದ್ರೆ ಆ ಪಟದಾಗೆ ಒಂದ್ ಸಲನಾರ ನಮ್ ಕಡೀಕ್ ನೋಡವ್ರಾ? ಎತ್ಲಾಗ್ ನೋಡ್ತಾವ್ನೆ ನೋಡ್ಕಳಿ ಅಂತ ಅವ್ರೇ ಯೋಳ್ಕೊಟ್ಟಿದ್ರಲ್ಲ.”

ಕೈಲಿದ್ದ ಬೋಂಡವನ್ನು ತಟ್ಟೆಗೆ ಇಟ್ಟುಬಿಟ್ಟೆ. ಜನ ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಎಲ್ಲವನ್ನೂ ನೋಡಿದ್ದರು. ಮೊದಲ ದಿನ ಬೆರಗಾದವರು ಆಮೇಲೆ ನಿಧಾನವಾಗಿ ಅವನ ಪ್ರಶ್ನೆಯನ್ನು ಅವನಿಗೇ ಹಾಕಿದ್ದರು. ಅವನನ್ನು ಸೋಲಿಸಿದ್ದು ಅವನ ಪಾಠ ಮತ್ತು ನನ್ನ ಕುಂಚ.

ಸಿದ್ದೇಗೌಡ ಶಾಲೆಗೆ ಮತ್ತೆ ಬರಲಿಲ್ಲ, ಅವನ ಜಾಗಕ್ಕೆ ಬೇರೆಯವರು ಬಂದಿದ್ದರು. ಊರಿನಲ್ಲಿ ಹೊಗೆಸೊಪ್ಪಿನ ಬೇಸಾಯಕ್ಕೆ ಇಳಿದ. ಹೊರಡುವ ದಿನ ಬಿದಿರಿನ ಕೊಳವೆಯನ್ನು ನನ್ನ ಕೈಗಿಟ್ಟು, ಕೋಲು ಹಿಡಿದವರು ನೀವು, ನಿಮ್ಮ ಹತ್ತಿರವೇ ಇರಲಿ ಎಂದ. ಗದ್ದ ಮೊದಲಿನ ಹಾಗೆ ಇಳಿದಿತ್ತು. ಒಂದು ಸಲ ನಾನೇ ಉಪನ್ಯಾಸಕ್ಕೆ ನಿಂತೆ. ಒಂದು ಕೈಲಿ ಕೋಲು, ಬಾಯಲ್ಲಿ ಮಾತು. ಪೋಸ್ಟರಿನ ಹಿಂದಿನಿಂದ ಮಾತಾಡಿದರೆ ಕೇಳಿಸುವುದಿಲ್ಲ ಎಂದರು, ಮುಂದೆ ಬಂದರೆ ಪಟ ಕಾಣುವುದಿಲ್ಲ ಎಂದರು. ಮುಂದೆ ಆ ಕೊಳವೆ ಅಟ್ಟ ಸೇರಿ ಗೆದ್ದಲಿನ ಪಾಲಾಯಿತು. ನನ್ನ ದಾರಿಗಡ್ಡ ಇದ್ದವನು ಹೋದ ಮೇಲೆ ನನಗೆ ಸಂತೋಷವಾಗಬೇಕಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ಅವನ ಕುರ್ಚಿಯಲ್ಲಿ ಬೇರೆಯವರು ಕೂತಾಗಲೆಲ್ಲ ನೋಡಲಾರದೆ ಎದ್ದು ಹೊರಗೆ ಹೋಗುತ್ತಿದ್ದೆ. ಅವನ ಕೆಲಸ ಕಳೆದವನು ನಾನು ಎನ್ನುವುದು ಒಂದು. ಅದು ಅವನಿಗೆ ಗೊತ್ತೋ ಇಲ್ಲವೋ ಎನ್ನುವುದು ಇನ್ನೊಂದು. ಆಮೇಲೂ ಎಷ್ಟೋ ಸಲ ಅವನ ಮನೆಗೆ ಹೋಗಿ ಆ ಪಟದ ಕೆಳಗೇ ಕೂತು ಊಟ ಮಾಡಿದ್ದೇನೆ. ಅವನು ಒಂದು ದಿನವೂ ಆ ಮಾತೆತ್ತಲಿಲ್ಲ. ನಾನಂತೂ ತಲೆ ಎತ್ತಿ ಪಟವನ್ನೇ ನೋಡುತ್ತಿರಲಿಲ್ಲ.

ಹೋದ ತಿಂಗಳು ಅವನ ವರ್ಷದ ಕಾರ್ಯ. ಖಾಲಿ ಇದ್ದ ಮೊಳೆಗೆ ರತ್ನಮ್ಮ ಹೂವಿನ ಹಾರ ಹಾಕುವಾಗ ಪಟದ ಹಳೆಯ ದಾರ ಕಿತ್ತು, ಪಟ ಬಿದ್ದು ಗಾಜು ಒಡೆಯಿತು. ಎಲ್ಲರೂ ಗಾಬರಿಯಾದರು. ರತ್ನಮ್ಮ ಮಾತ್ರ ಪಟವನ್ನು ಎತ್ತಿ ನನ್ನ ಕೈಗೇ ಕೊಟ್ಟು, “ಬರೆದೋರು ನೀವು ಮೇಷ್ಟ್ರೆ, ನೀವೇ ಸರಿಮಾಡುಸ್ಕೊಡಿ” ಎಂದರು. ಹಾಗೆ ಸಿದ್ದೇಗೌಡ ನನ್ನ ತೊಡೆಯೇರಿ ಹಾಸನಕ್ಕೆ ಬಂದ.

ಅಂಗಡಿಯವನು ಗಾಜು ಕುಯ್ದು ಮುಗಿಸಿ, ಪಟವನ್ನು ಬೋರಲು ಹಾಕಿ ಹಿಂದಿನ ಮೊಳೆಗಳನ್ನು ಕೀಳತೊಡಗಿದ. ಕಿತ್ತವನು ಒಂದನ್ನು ಬೆಳಕಿಗೆ ಹಿಡಿದು ನೋಡಿದ.

“ಇದು ಕಟ್ಟು ಹಾಕೋರು ಹೊಡ್ದಿರೋ ಮೊಳೆ ಅಲ್ಲ ಸಾ.  ಯಾರೋ ಮನೇಲೇ ಬಿಚ್ಚಿ ಮತ್ತೆ ಹೊಡ್ಕಂಡವ್ರೆ.”

ರಟ್ಟು ತೆಗೆದ. ಪೋಸ್ಟರಿನ ಬೆನ್ನ ಮೇಲೆ ನೀಲಿ ಶಾಯಿಯಲ್ಲಿ ಮೂರು ಸಾಲು. ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಆ ಮುತ್ತಿನಂಥ ಅಕ್ಷರದ ಮೇಲೂ ನನಗೆ ಹೊಟ್ಟೆಕಿಚ್ಚಿತ್ತಲ್ಲ.

ಬರೆದವರು: ಚನ್ನರಾಯಪಟ್ಟಣದ ಶ್ರೀ ತಿಮ್ಮಪ್ಪಯ್ಯನವರು.
ಯಾಕೆ ಬರೆದರು: ಹೊಟ್ಟೆಕಿಚ್ಚಿಗೆ.
ನೋಡಿದವನು ಏನು ಮಾಡಿದ: ನಂಬಿದೆ.

ತಿಮ್ಮಪ್ಪಯ್ಯ ಎನ್ನುವುದು ನನ್ನ ಹೆಸರು. ಎಷ್ಟು ವರ್ಷದ ಹಿಂದೆ ಬರೆದಿದ್ದನೋ, ಶಾಯಿ ಮಸುಕಾಗಿತ್ತು. ಸಭೆಸಭೆಗಳಲ್ಲಿ ಹೇಳದ ಹೆಸರನ್ನು ಊರು ಸಮೇತ, ಶ್ರೀ ಸಮೇತ ಬರೆದು, ಮೊಳೆ ಹೊಡೆದು, ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಅದರ ಕೆಳಗೆ ನನಗೆ ಕೂರಲು ಮಣೆ ಹಾಕಿ, ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ ಮೇಷ್ಟ್ರೇ ಎಂದಿದ್ದ. ಅಂಗಡಿಯ ಸ್ಟೂಲಿನ ಮೇಲೆ ಕೂತೆ. ನಾಚಿಕೆಯೋ ದುಃಖವೋ, ಕಣ್ಣು ತುಂಬಿತು. ಅಂಗಡಿಯವನು ನೀರು ಕೊಟ್ಟ.

ಹೊಸ ರಟ್ಟು ಹಾಕಲೇ ಎಂದು ಅವನು ಕೇಳಿದ. ಹಾಕು ಎಂದರೆ ಮುಗಿಯಿತು. ಆ ಮೂರು ಸಾಲು ಇನ್ನು ಯಾರೂ ಓದುವುದಿಲ್ಲ, ಜಯಳಂತೂ ಓದುವುದಿಲ್ಲ. ಆ ಸಾಲುಗಳನ್ನು ಇನ್ನೊಂದು ಸಲ ಓದಿಕೊಂಡೆ. ಆಮೇಲೆ, ರಟ್ಟು ಬೇಡ, ಹಿಂದಕ್ಕೂ ಗಾಜೇ ಹಾಕಪ್ಪ ಎಂದೆ.

“ಗ್ವಾಡೆ ಕಡೀಕ್ ಗಾಜಾಕಿ ಯಾರ್ಗ್ ತೋರುಸ್ತೀರಾ ಸಾ?” ಎಂದ ಅವನು. ನಮ್ಮ ಮನೆಯವರಿಗೆ ಎಂದೆ.

ಸಂಜೆಯವರೆಗೆ ತಡಿ ಎಂದು, ನಿವೃತ್ತನಾದ ಮೇಲೆ ಹಾಸನದಲ್ಲೇ ಮಾಡಿಕೊಂಡಿದ್ದ ಮನೆಗೆ ಹೋಗಿ ಬಣ್ಣ, ಕುಂಚ ತಂದೆ. ಗಾಜಿಲ್ಲದೆ ಆ ಪಟ ನನ್ನ ಕೈಗೆ ಮತ್ತೆ ಸಿಕ್ಕಿದ್ದು ಅದೇ ಮೊದಲು. ಗದ್ದ ಇಳಿಸಲು ಈಗ ಆಗುತ್ತಿರಲಿಲ್ಲ, ಆದರೆ ಕಣ್ಣು ಆಗುತ್ತಿತ್ತು. ದೂರಕ್ಕೆ ಹೋಗಿದ್ದ ಎರಡು ಕಪ್ಪು ಚುಕ್ಕಿಗಳನ್ನು ಬಿಳಿಯಿಂದ ಮುಚ್ಚಿ, ಅವನ್ನು ಕೆಳಕ್ಕೆ, ನೋಡುವವರ ಕಡೆಗೆ ತಂದೆ. ಎರಡು ಚುಕ್ಕಿಗೆ ಒಂದು ಗಂಟೆ ಹಿಡಿಯಿತು. ಅಂಗಡಿಯವನು ನನ್ನ ಹೆಗಲ ಮೇಲಿಂದ ನೋಡಿ, “ಈಗ ನಮ್ ಕಡೀಕೇ ನೋಡ್ತಾವ್ರೆ ಸಾ” ಎಂದ. ಲೀಡರು ಹೋಗಿ ಪಾಠ ಮಾಡುವ ಮೇಷ್ಟ್ರು ಬಂದಿದ್ದ.

ಮನೆಗೆ ತಂದು ಜಯಳ ಮುಂದೆ ನಿಲ್ಲಿಸಿದೆ. ಮೊದಲು ಮುಂದಿನ ಪಕ್ಕ ತೋರಿಸಿದೆ. ನನ್ನ ಜೀವಮಾನದ ಅತಿ ಒಳ್ಳೆಯ ಎರಡು ಚುಕ್ಕಿಗಳು. ಅವಳು ಹಾಲು ಉಕ್ಕುತ್ತದೇನೋ ಎಂದು ನೋಡುವಷ್ಟೇ ಹೊತ್ತು ನೋಡಿ, ಹ್ಞೂಂ ಎಂದಳು. ಆಮೇಲೆ ತಿರುಗಿಸಿದೆ. ಅವಳು ಕನ್ನಡಕ ತಂದು ಹಾಕಿಕೊಂಡಳು. ಮೂರು ಸಾಲನ್ನು ಒಂದು ಸಲ ಓದಿದಳು, ನನ್ನ ಮುಖ ನೋಡಿದಳು, ಇನ್ನೊಂದು ಸಲ ಓದಿದಳು. ಬೈಗುಳಕ್ಕೆ ತಯಾರಾಗಿ ನಾನು ತಲೆ ತಗ್ಗಿಸಿ ನಿಂತಿದ್ದೆ. ನನಗೆ ಬರಬೇಕಾದ್ದೇ ಅದು.

ಜಯ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

“ಮೂರೇ ಸಾಲಲ್ಲಿ ಎಷ್ಟು ಚೆನ್ನಾಗಿ ಹೇಳಿಬಿಟ್ಟಿದ್ದಾರೆ ನೋಡ್ರಿ, ಗೌಡ್ರು.”

ಇಂಥವನ ಮೇಲೆ ಹೊಟ್ಟೆಕಿಚ್ಚು ಪಡದೆ ಮನುಷ್ಯ ಹೇಗಿರಬೇಕು, ನೀವೇ ಹೇಳಿ.